ಬಂದಂತೆ ಅನ್ನಿಸುವ ಪಾಠ

ಕಡಲ ನೀರುನಾಯಿಗಳ ಬಗ್ಗೆ ಒಂದು ಪುಟ್ಟ ಬರಹ, ಸೂರ್ಯನ ಬಗ್ಗೆ ಇನ್ನೊಂದು. ಅಮೆರಿಕದ ಸೇಂಟ್ ಲೂಯಿಸ್ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಇವೆರಡನ್ನೂ ಕಾಲೇಜು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಮೊದಲು ಏಳು ನಿಮಿಷ ಓದು. ಆಮೇಲೆ ಒಂದು ಬರಹವನ್ನು ಮತ್ತೆ ಏಳು ನಿಮಿಷ ಓದಬೇಕು. ಇನ್ನೊಂದನ್ನು ಮುಚ್ಚಿಟ್ಟು, ನೆನಪಿಗೆ ಬಂದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಬೇಕು. ಬರೆದದ್ದು ಸರಿಯೋ ತಪ್ಪೋ ಎಂದು ಯಾರೂ ತಿದ್ದುವುದಿಲ್ಲ, ಅಂಕ ಕೊಡುವುದಿಲ್ಲ.

ಕೊನೆಯ ಪರೀಕ್ಷೆಯನ್ನು ಐದೇ ನಿಮಿಷದ ನಂತರ ಇಟ್ಟಾಗ ಮತ್ತೆ ಓದಿದ್ದೇ ಗೆದ್ದಿತು. ಓದಿದ ಬರಹದಲ್ಲಿ ನೂರಕ್ಕೆ 81 ಪಾಲು ನೆನಪಿತ್ತು, ಬರೆದು ನೋಡಿದ್ದರಲ್ಲಿ 75. ಇಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮ ಅಪ್ಪ ಅಮ್ಮಂದಿರ ‘ಇನ್ನೊಂದ್ಸಲ ಓದ್ಕೋ’ ಎಂಬ ಮಾತಿಗೆ ವಿಜ್ಞಾನದ ಮೊಹರು ಬೀಳುತ್ತಿತ್ತು. ಆದರೆ ಬೇರೆ ವಿದ್ಯಾರ್ಥಿಗಳಿಗೆ ಎರಡು ದಿನ ಬಿಟ್ಟು ಕೇಳಿದಾಗ ಲೆಕ್ಕ ತಲೆಕೆಳಗಾಯಿತು. ಮತ್ತೆ ಓದಿದ್ದರಲ್ಲಿ ಉಳಿದದ್ದು 54, ಬರೆದು ನೋಡಿದ್ದರಲ್ಲಿ 68. ವಾರ ಕಳೆದ ಮೇಲೆ 42 ಮತ್ತು 56.

2006ರಲ್ಲಿ ಪ್ರಕಟವಾದ ಈ ಅಧ್ಯಯನದ ಎರಡನೇ ಭಾಗ ಇನ್ನೂ ಕುತೂಹಲದ್ದು. ಒಂದು ಗುಂಪಿಗೆ ಸತತ ನಾಲ್ಕು ಅವಧಿ ಓದೇ ಓದು. ಆ ಸಮಯದಲ್ಲಿ ಅವರು ಬರಹವನ್ನು ಸರಾಸರಿ ಹದಿನಾಲ್ಕು ಸಲ ಮುಗಿಸಿದ್ದರು. ಇನ್ನೊಂದು ಗುಂಪಿಗೆ ಒಂದೇ ಅವಧಿ ಓದಲು ಸಿಕ್ಕಿತು, ಮೂರು ಅವಧಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದೇ ಕೆಲಸ. ಅವರ ಕಣ್ಣು ಬರಹದ ಮೇಲೆ ಹಾದದ್ದು ಮೂರೋ ನಾಲ್ಕೋ ಸಲ ಮಾತ್ರ. ವಾರದ ನಂತರ ಹದಿನಾಲ್ಕು ಸಲ ಓದಿದವರಿಗೆ ನೆನಪಿದ್ದದ್ದು ನೂರಕ್ಕೆ 40, ಬರೆದು ನೋಡಿದವರಿಗೆ 61. ನಿಮಗೆ ಇದು ಎಷ್ಟು ನೆನಪಿರುತ್ತದೆ ಅನ್ನಿಸುತ್ತದೆ ಎಂದು ಮೊದಲೇ ಎಲ್ಲರನ್ನೂ ಕೇಳಲಾಗಿತ್ತು. ಹೆಚ್ಚು ಧೈರ್ಯದಿಂದ ಉತ್ತರ ಕೊಟ್ಟವರು ಹದಿನಾಲ್ಕು ಸಲ ಓದಿದವರೇ.

ಈ ಅಧ್ಯಾಯದ ತಿರುಳು ಆ ಧೈರ್ಯದಲ್ಲೇ ಇದೆ. ಕಲಿಕೆಯ ವಿಜ್ಞಾನ ಕಳೆದ ನಾಲ್ಕೈದು ದಶಕಗಳಲ್ಲಿ ಪತ್ತೆಹಚ್ಚಿದ ಸಂಗತಿಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು: ಕಲಿಯುತ್ತಿದ್ದೇನೆ ಎಂಬ ಅನಿಸಿಕೆಗೂ ನಿಜವಾದ ಕಲಿಕೆಗೂ ನಂಟು ಬಹಳ ಸಡಿಲ. ಎಷ್ಟೋ ಸಲ ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿಗೇ ಹೋಗುತ್ತವೆ. ಓದು ಸಲೀಸಾಗಿ ಸಾಗಿದಷ್ಟೂ ಪಾಠ ಬಂದಂತೆ ಅನ್ನಿಸುತ್ತದೆ. ಮೋಸ ಹೋಗುವವನು ವಿದ್ಯಾರ್ಥಿಯೊಬ್ಬನೇ ಆಗಿದ್ದರೆ ತಿದ್ದಬಹುದಿತ್ತು. ತಲೆಯಾಡಿಸುವ ತರಗತಿಯನ್ನು ನೋಡಿ ಮೇಷ್ಟ್ರೂ, ರಾತ್ರಿ ಹನ್ನೊಂದಾದರೂ ಆರದ ದೀಪವನ್ನು ನೋಡಿ ಮನೆಯವರೂ ಅದೇ ರೀತಿ ಮೋಸ ಹೋಗುತ್ತಾರೆ.

ನೆನಪಿನಿಂದ ಬರೆದು ನೋಡಿದರೆ ಪಾಠ ಉಳಿಯುತ್ತದೆ ಎಂಬುದು ಇಪ್ಪತ್ತೊಂದನೇ ಶತಮಾನದ ಶೋಧವೇನೂ ಅಲ್ಲ. 1939ರಲ್ಲಿ ಹರ್ಬರ್ಟ್ ಸ್ಪಿಟ್ಜರ್ ಎಂಬವರು ಅಮೆರಿಕದ ಅಯೋವಾ ರಾಜ್ಯದ ಒಂಬತ್ತು ಪಟ್ಟಣಗಳ 91 ಶಾಲೆಗಳಲ್ಲಿ ಆರನೇ ತರಗತಿಯ 3,605 ಮಕ್ಕಳನ್ನು ಇಟ್ಟುಕೊಂಡು ಇದೇ ಪ್ರಶ್ನೆ ಕೇಳಿದ್ದರು. ಮಕ್ಕಳಿಗೆ ಓದಲು ಕೊಟ್ಟದ್ದು ಶೇಂಗಾ ಮತ್ತು ಬಿದಿರಿನ ಬಗೆಗಿನ ಬರಹಗಳು. ಓದಿದ ದಿನವೇ ಒಂದು ಸಣ್ಣ ಪರೀಕ್ಷೆ ಎದುರಿಸಿದ ಮಕ್ಕಳ ನೆನಪು ಅಲ್ಲಿಂದ ಮುಂದೆ ಹೆಚ್ಚು ಸೋರಲಿಲ್ಲ. ಪರೀಕ್ಷೆಯಿಲ್ಲದೆ ಎರಡು ಮೂರು ವಾರ ಬಿಟ್ಟ ಮಕ್ಕಳು ಬಹುಪಾಲು ಮರೆತಿದ್ದರು. ಇಷ್ಟು ದೊಡ್ಡ ಪ್ರಯೋಗ, ಅದೂ ನಿಜವಾದ ತರಗತಿಗಳಲ್ಲಿ ನಡೆದದ್ದು, ದಶಕಗಳ ಕಾಲ ಗ್ರಂಥಾಲಯದಲ್ಲಿ ದೂಳು ತಿನ್ನುತ್ತ ಕೂತಿತ್ತು. ಶಿಕ್ಷಣ ಕ್ಷೇತ್ರದಲ್ಲಿ ಹೊಸ ಹೆಸರುಗಳು ಹುಟ್ಟುವ ವೇಗದಲ್ಲಿ ಹಳೆಯ ಸಾಕ್ಷ್ಯಗಳು ಓದಿಸಿಕೊಳ್ಳುವುದಿಲ್ಲ.

ಅದಕ್ಕೂ ಹಿಂದೆ ಹೋದರೆ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಸಿಗುತ್ತಾನೆ. ನೆನಪನ್ನು ಅಳೆಯಬಹುದು ಎಂದು ಯಾರೂ ನಂಬದಿದ್ದ ಕಾಲದಲ್ಲಿ ಅವನು ಅರ್ಥವಿಲ್ಲದ ಮೂರಕ್ಷರದ ಸುಮಾರು 2,300 ಉಲಿಗಳನ್ನು ತಯಾರಿಸಿಕೊಂಡು, ಗಡಿಯಾರದ ಟಿಕ್‌ಟಿಕ್ ಲಯಕ್ಕೆ ಸರಿಯಾಗಿ ಅವನ್ನು ಉರುಹೊಡೆದ. ಪ್ರಯೋಗಿಸಿದವನೂ ಅವನೇ, ಪ್ರಯೋಗಕ್ಕೆ ಒಳಗಾದವನೂ ಅವನೇ. ಒಮ್ಮೆ ಬಾಯಿಗೆ ಬಂದ ಪಟ್ಟಿಯನ್ನು ಸ್ವಲ್ಪ ಕಾಲ ಬಿಟ್ಟು ಮತ್ತೆ ಕಲಿಯಲು ಎಷ್ಟು ಸಮಯ ಉಳಿತಾಯವಾಗುತ್ತದೆ ಎಂಬುದು ಅವನ ಅಳತೆಗೋಲು. ಇಪ್ಪತ್ತು ನಿಮಿಷದ ನಂತರ ಉಳಿತಾಯ ನೂರಕ್ಕೆ 58. ಒಂದು ದಿನ ಕಳೆಯುವಷ್ಟರಲ್ಲಿ 34ಕ್ಕೆ ಕುಸಿತ. ಆದರೆ ಒಂದು ತಿಂಗಳ ನಂತರವೂ 21 ಉಳಿದೇ ಇತ್ತು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಧಡಾರನೆ ಬಿದ್ದು ಆಮೇಲೆ ತೆವಳುತ್ತದೆ. 1885ರಲ್ಲಿ ಅವನು ಎಳೆದ ಈ ರೇಖೆಯನ್ನು 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಅದೇ ವಿಧಾನದಲ್ಲಿ ಮತ್ತೆ ಮಾಡಿ ನೋಡಿದರು. ಹೆಚ್ಚುಕಡಿಮೆ ಹಾಗೆಯೇ ಬಂತು.

ಎಬ್ಬಿಂಗ್‌ಹೌಸ್‌ನ ಪುಸ್ತಕದಲ್ಲಿ ಇನ್ನೊಂದು ಲೆಕ್ಕವಿದೆ. ಹನ್ನೆರಡು ಉಲಿಗಳ ಪಟ್ಟಿಯನ್ನು ಒಂದೇ ದಿನ ಕೂತು 68 ಸಲ ಹೇಳಿಕೊಂಡರೆ ಮರುದಿನ ಎಷ್ಟು ಲಾಭವೋ, ಮೂರು ದಿನಗಳಿಗೆ ಹಂಚಿ ಒಟ್ಟು 38 ಸಲ ಹೇಳಿಕೊಂಡರೂ ಅಷ್ಟೇ ಲಾಭ. ಹತ್ತಿರಹತ್ತಿರ ಅರ್ಧ ಶ್ರಮ ಉಳಿಯಿತು. ಏನೂ ಹೊಸತು ಸೇರಿಸಿಲ್ಲ, ನಡುವೆ ರಾತ್ರಿಗಳನ್ನು ಸೇರಿಸಿದ್ದು ಬಿಟ್ಟರೆ.

ಈ ಅಂತರದ ಆಟವನ್ನು ಅತಿ ದೀರ್ಘಕಾಲ ಆಡಿದ್ದು ಒಂದು ಮನೆಯವರು. ಮನೋವಿಜ್ಞಾನಿ ಹ್ಯಾರಿ ಬಾರಿಕ್, ಅವರ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು, ನಾಲ್ವರೂ ಸೇರಿ ತಲಾ 300 ಪರಭಾಷಾ ಪದಗಳನ್ನು ಕಲಿಯುತ್ತ, ಪರೀಕ್ಷಿಸಿಕೊಳ್ಳುತ್ತ ಒಂಬತ್ತು ವರ್ಷ ಕಳೆದರು. ಕೆಲವು ಪದಗಳನ್ನು ಹದಿನಾಲ್ಕು ದಿನಕ್ಕೊಮ್ಮೆ, ಕೆಲವನ್ನು 28 ದಿನಕ್ಕೊಮ್ಮೆ, ಇನ್ನು ಕೆಲವನ್ನು 56 ದಿನಕ್ಕೊಮ್ಮೆ ಅಭ್ಯಾಸ ಮಾಡಿದರು. 1993ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಕಂಡದ್ದು: 56 ದಿನಗಳ ಅಂತರದಲ್ಲಿ ಹದಿಮೂರು ಸಲ ಕೂತದ್ದಕ್ಕೂ ಹದಿನಾಲ್ಕು ದಿನಗಳ ಅಂತರದಲ್ಲಿ 26 ಸಲ ಕೂತದ್ದಕ್ಕೂ ವರ್ಷಗಳ ನಂತರದ ನೆನಪು ಸರಿಸುಮಾರು ಒಂದೇ. ಆದರೆ ಅಂತರ ಹೆಚ್ಚಾದಂತೆ ಕಲಿಯುವಾಗಿನ ತಪ್ಪುಗಳು ಹೆಚ್ಚು. ಎರಡು ತಿಂಗಳ ಹಿಂದಿನ ಪದ ತಟ್ಟನೆ ಬಾಯಿಗೆ ಬಾರದೆ ಒದ್ದಾಡುವಾಗ ‘ನನಗೆ ಇದು ಬರುತ್ತಿದೆ’ ಎಂದು ಯಾರಿಗೆ ಅನ್ನಿಸೀತು?

ಹಾಗಾದರೆ ಆ ಒದ್ದಾಟದಲ್ಲಿ ಏನು ನಡೆಯುತ್ತದೆ? ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಬ್ಯೋರ್ಕ್ ಮತ್ತು ಎಲಿಜಬೆತ್ ಬ್ಯೋರ್ಕ್ ದಂಪತಿ ನೆನಪಿಗೆ ಎರಡು ಬಗೆಯ ಬಲ ಇದೆ ಎನ್ನುತ್ತಾರೆ. ಒಂದು, ಸಂಗತಿ ಎಷ್ಟು ಗಟ್ಟಿಯಾಗಿ ಒಳಗೆ ಕೂತಿದೆ ಎಂಬುದು. ಇನ್ನೊಂದು, ಈ ಗಳಿಗೆಯಲ್ಲಿ ಅದು ಎಷ್ಟು ಸುಲಭವಾಗಿ ಕೈಗೆ ಸಿಗುತ್ತದೆ ಎಂಬುದು. ಅಟ್ಟದ ಮೇಲಿಟ್ಟ ಪಾತ್ರೆಯ ಹಾಗೆ. ಮನೆಯಲ್ಲಂತೂ ಇದೆ, ಆದರೆ ಏಣಿ ಹಾಕಿ ಹತ್ತಿ ಹುಡುಕಬೇಕು. ನಿನ್ನೆ ರಾತ್ರಿ ಐದು ಸಲ ಓದಿದ ಪಾಠ ಕೈಗೆ ಸುಲಭವಾಗಿ ಸಿಗುತ್ತದೆ, ಒಳಗೆ ಗಟ್ಟಿಯಾಗಿ ಕೂತಿರುವುದಿಲ್ಲ. ಚಿಕ್ಕಂದಿನ ಮನೆಯ ಪಕ್ಕದವರ ಹೆಸರು ಒಳಗೆ ಭದ್ರವಾಗಿದೆ, ತಕ್ಷಣ ಸಿಗುವುದಿಲ್ಲ. ಬ್ಯೋರ್ಕ್ ದಂಪತಿಯ ವಾದದ ಸ್ವಾರಸ್ಯ ಇರುವುದು ಮುಂದಿನ ಮಾತಿನಲ್ಲಿ. ಕೈಗೆ ಸುಲಭವಾಗಿ ಸಿಗುತ್ತಿರುವುದನ್ನು ಮತ್ತೆ ಎತ್ತಿಕೊಂಡರೆ ಒಳಗಿನ ಬಲ ಅಷ್ಟೇನೂ ಬೆಳೆಯುವುದಿಲ್ಲ. ಅರ್ಧ ಮರೆತದ್ದನ್ನು ಕಷ್ಟಪಟ್ಟು ಎಳೆದು ತಂದಾಗಲೇ ಅದು ಹೆಚ್ಚು ಬೆಳೆಯುವುದು. ಅಂದರೆ ಕಲಿಕೆಗೆ ಒಂದಿಷ್ಟು ಮರೆವು ಬೇಕು. ರಾಬರ್ಟ್ ಬ್ಯೋರ್ಕ್ 1994ರಲ್ಲಿ ಇಂಥ ಅಡಚಣೆಗಳನ್ನು ‘ಬೇಕಾದ ಕಷ್ಟಗಳು’ ಎಂದು ಕರೆದರು.

ಮತ್ತೆ ಓದುವಾಗ ನಮ್ಮನ್ನು ಏಮಾರಿಸುವುದು ಪರಿಚಯ. ಪುಟ ತೆರೆದರೆ ಎಡಗಡೆಯ ಚಿತ್ರ ಗೊತ್ತು, ಹಳದಿ ಹೈಲೈಟರ್ ಎಳೆದ ಸಾಲು ಗೊತ್ತು, ಮುಂದಿನ ಉಪಶೀರ್ಷಿಕೆಯೂ ಗೊತ್ತು. ಗುರುತು ಹಿಡಿಯುವುದು ಸುಲಭದ ಕೆಲಸ. ದಾರಿಯಲ್ಲಿ ಎದುರಾದವರ ಮುಖ ಗುರುತಿಸಿ ನಗುತ್ತೇವೆ, ಹೆಸರು ಹೊಳೆಯುವುದಿಲ್ಲ. ಪರೀಕ್ಷೆಯಲ್ಲಿ ಬೇಕಾಗುವುದು ಹೆಸರು. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಜೊತೆಗಾರರು ವಿದ್ಯಾರ್ಥಿಗಳು ಬಳಸುವ ಹತ್ತು ಓದಿನ ವಿಧಾನಗಳನ್ನು ಒರೆಗೆ ಹಚ್ಚಿದರು. ಮೊದಲ ದರ್ಜೆಯಲ್ಲಿ ಪಾಸಾದದ್ದು ಎರಡೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಅಭ್ಯಾಸವನ್ನು ದಿನಗಳಿಗೆ ಹಂಚುವುದು. ಅಡಿಗೆರೆ ಎಳೆಯುವುದು, ಸಾರಾಂಶ ಬರೆಯುವುದು, ಮತ್ತೆ ಮತ್ತೆ ಓದುವುದು ಇವೆಲ್ಲ ಕೊನೆಯ ಬೆಂಚಿನಲ್ಲಿ ಕೂತವು. ನಮ್ಮ ಪಿಯುಸಿ ಮಕ್ಕಳ ಓದಿನ ರಜೆ ಬಹುಪಾಲು ಕಳೆಯುವುದು ಈ ಕೊನೆಯ ಬೆಂಚಿನವರ ಸಹವಾಸದಲ್ಲಿ.

ಗಣಿತಕ್ಕೆ ಬಂದರೆ ಕಥೆಗೆ ಇನ್ನೊಂದು ತಿರುವಿದೆ. ಹತ್ತನೇ ತರಗತಿಯ ಪಠ್ಯದಲ್ಲಿ ವರ್ಗ ಸಮೀಕರಣಗಳ ಅಧ್ಯಾಯ ಮುಗಿದ ಕೂಡಲೇ ಸಾಲುಸಾಲು ಲೆಕ್ಕಗಳು ಬರುತ್ತವೆ. ಎಲ್ಲವೂ ವರ್ಗ ಸಮೀಕರಣದವೇ. ಹುಡುಗಿ ಮೊದಲ ಎರಡು ಲೆಕ್ಕಕ್ಕೆ ತಲೆ ಕೆರೆದುಕೊಳ್ಳುತ್ತಾಳೆ, ಮೂರನೆಯದರಿಂದ ಕೈ ತಾನೇ ಓಡುತ್ತದೆ. ಅವಳು ಪ್ರಶ್ನೆಯನ್ನು ಪೂರ್ತಿ ಓದಬೇಕಾದ ಅಗತ್ಯವೇ ಇಲ್ಲ, ಯಾವ ಸೂತ್ರ ಹಾಕಬೇಕೆಂದು ಅಧ್ಯಾಯದ ಹೆಸರೇ ಹೇಳಿಬಿಟ್ಟಿದೆ. ಸಮಾಂತರ ಶ್ರೇಢಿಯೂ ಹಾಗೆಯೇ, ತ್ರಿಕೋನಮಿತಿಯೂ ಹಾಗೆಯೇ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ಮೇಲೆ ಅಧ್ಯಾಯದ ಹೆಸರು ಇರುವುದಿಲ್ಲ. ಅಲ್ಲಿ ಮೊದಲು ಬೇಕಾಗುವುದು ಇದು ಯಾವ ಜಾತಿಯ ಲೆಕ್ಕ ಎಂದು ಗುರುತಿಸುವ ಕಲೆ. ಅದನ್ನು ವರ್ಷವಿಡೀ ಯಾರೂ ಅಭ್ಯಾಸ ಮಾಡಿಸಿಲ್ಲ. ‘ಮನೇಲಿ ಎಲ್ಲ ಬರ್ತಿತ್ತು, ಎಕ್ಸಾಮಲ್ಲಿ ಯಾಕೋ ಹೊಳೀಲಿಲ್ಲ’ ಎಂದು ಮಕ್ಕಳು ಹೇಳಿದರೆ ನಾವು ಗಾಬರಿ, ಏಕಾಗ್ರತೆ, ಮೊಬೈಲು ಎಂದೆಲ್ಲ ಕಾರಣ ಹುಡುಕುತ್ತೇವೆ.

2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಇದನ್ನೇ ಪರೀಕ್ಷಿಸಿದರು. ನಾಲ್ಕು ಅಪರಿಚಿತ ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕಲಿಸಬೇಕಿತ್ತು. ಒಂದು ಗುಂಪು ಒಂದೊಂದು ಆಕೃತಿಯ ಲೆಕ್ಕಗಳನ್ನು ಒಟ್ಟಿಗೆ ಮುಗಿಸುತ್ತ ಹೋಯಿತು. ಇನ್ನೊಂದು ಗುಂಪಿಗೆ ನಾಲ್ಕೂ ಆಕೃತಿಗಳ ಲೆಕ್ಕ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಒಂದೊಂದಾಗಿ ಮಾಡಿದವರು ನೂರಕ್ಕೆ 89 ಸರಿ ಮಾಡಿದರು, ಕಲಸಿ ಮಾಡಿದವರು 60. ಆ ದಿನ ಯಾವ ಮೇಷ್ಟ್ರು ಬಂದು ನೋಡಿದ್ದರೂ ಮೊದಲ ಗುಂಪಿನ ಬೆನ್ನು ತಟ್ಟುತ್ತಿದ್ದರು. ವಾರ ಬಿಟ್ಟು ಪರೀಕ್ಷೆ ಕೊಟ್ಟರೆ ಮೊದಲ ಗುಂಪಿಗೆ 20, ಕಲಸಿ ಮಾಡಿದವರಿಗೆ 63.

ಮೈಯ ಕೌಶಲದಲ್ಲೂ ಇಂಥದೇ ಒಂದು ಹಳೆಯ ಪ್ರಯೋಗವಿದೆ. 1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಮಕ್ಕಳಿಗೆ ಕಾಳು ತುಂಬಿದ ಸಣ್ಣ ಚೀಲಗಳನ್ನು ಗುರಿಯತ್ತ ಎಸೆಯಲು ಹೇಳಿದರು. ಎಂಟು ವರ್ಷದ ಮಕ್ಕಳಲ್ಲಿ ಕೆಲವರು ಮೂರು ಅಡಿ ದೂರಕ್ಕೇ ಎಸೆದೆಸೆದು ಪಳಗಿದರು. ಉಳಿದವರು ಎರಡು ಅಡಿಗೂ ನಾಲ್ಕು ಅಡಿಗೂ ಎಸೆದರು, ಮೂರು ಅಡಿಗೆ ಒಮ್ಮೆಯೂ ಎಸೆಯಲಿಲ್ಲ. ಕೊನೆಗೆ ಮೂರು ಅಡಿಯ ಪರೀಕ್ಷೆಯಲ್ಲಿ ಗುರಿಗೆ ಹತ್ತಿರ ಬಿದ್ದದ್ದು ಈ ಎರಡನೆಯವರ ಚೀಲಗಳು.

ಇಲ್ಲಿಗೆ ಬರುವಷ್ಟರಲ್ಲಿ ಓದುಗರಲ್ಲಿ ಕೆಲವರಿಗೆ ಖುಷಿಯಾಗಿರಬಹುದು: ನೆನಪು, ಪರೀಕ್ಷೆ, ಅಭ್ಯಾಸ ಎಂದೆಲ್ಲ ಹೇಳುತ್ತಿರುವುದರಿಂದ ಹಳೆಯ ಬಾಯಿಪಾಠದ ಪದ್ಧತಿಯೇ ಸರಿ ಎಂದಾಯಿತಲ್ಲ! ಅರ್ಧ ಸರಿ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ. ದಾರಿಯಲ್ಲಿ ಘಟ್ಟದ ಮೇಲೆ ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ನೋಡಿದ. ಪಾಠವನ್ನು ಒಬ್ಬ ರಾಗವಾಗಿ ಹೇಳುವುದು, ಹೇಳುತ್ತಲೇ ನೆಲದ ಮೇಲೆ ಹರಡಿದ ಸಣ್ಣ ಮರಳಿನಲ್ಲಿ ಬೆರಳಿಂದ ಬರೆಯುವುದು, ಉಳಿದವರೂ ಹಾಗೆಯೇ ಹಾಡಿ ಬರೆಯುವುದು, ಜಾಗ ತುಂಬಿದರೆ ಅಳಿಸಿ ಹೊಸ ಮರಳು ಎರಚುವುದು. ಮೇಷ್ಟ್ರು ಯಾರೂ ಇರಲಿಲ್ಲ. ಮರೆತರೆ ಹೇಳಿಕೊಡುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೇ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲವಲ್ಲ ಎಂಬ ಅರ್ಥದ ಉತ್ತರ ಬಂತಂತೆ. ಅವನ ಪತ್ರಗಳಲ್ಲಿ ಇದು ದಾಖಲಾಗಿದೆ. ಬರೆದದ್ದು ಅಳಿಯುವುದರಿಂದ ಮುಂದಿನ ಸಲ ಒಳಗಿನಿಂದಲೇ ತರಬೇಕು. ತಪ್ಪಿದರೆ ಆ ಕ್ಷಣವೇ ಪಕ್ಕದವನು ತಿದ್ದುತ್ತಾನೆ. ಮರುದಿನ ಮತ್ತೆ ಅದೇ. ಕಲಿಕೆಯ ವಿಜ್ಞಾನಿಯೊಬ್ಬ ಕೂತು ಯೋಜಿಸಿದ್ದರೂ ಇದಕ್ಕಿಂತ ಚೆನ್ನಾಗಿ ಯೋಜಿಸಲಾರ.

ಈ ಪದ್ಧತಿಗೆ ಎಟುಕದ್ದು ಬೇರೆ ಸಂದರ್ಭಕ್ಕೆ ದಾಟುವ ಶಕ್ತಿ. ಹದಿನೇಳರ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸುವ ಹುಡುಗನಿಗೆ ಹದಿನೇಳು ರೂಪಾಯಿಯ ಎಂಟು ಪೆನ್ನಿಗೆ ಎಷ್ಟಾಯಿತು ಎಂದು ಕೇಳಿದರೆ ಮೊದಲಿಂದ ಮಗ್ಗಿ ಹೇಳಿಕೊಂಡು ಬರುತ್ತಾನೆ. ಅವನ ನೆನಪಿಗೆ ಒಂದೇ ಬಾಗಿಲು. ಇದರ ಉಲ್ಟಾ ಕೂಡ ನಡೆಯುತ್ತದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಸಂತೆಗಳಲ್ಲಿ ವ್ಯಾಪಾರ ಮಾಡುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅಧ್ಯಯನ ಮಾಡಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬೇರೆ ಬೇರೆ ದರದ ಎರಡು ತರಕಾರಿ, ಬೇರೆ ಬೇರೆ ತೂಕ, ಕೊಟ್ಟ ನೋಟಿಗೆ ಚಿಲ್ಲರೆ ಎಲ್ಲವನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಿ ಕೊಡುವ ಮಕ್ಕಳು ಅವರು. ಶಾಲೆಯ ರೀತಿಯಲ್ಲಿ ಹಾಳೆಯ ಮೇಲೆ ಸಂಖ್ಯೆಗಳನ್ನಷ್ಟೇ ಬರೆದು ಕೊಟ್ಟಾಗ, ಅದಕ್ಕಿಂತ ಸುಲಭದ ಲೆಕ್ಕಗಳಲ್ಲೂ ಎಡವಿದರು. ಅತ್ತ ಶಾಲೆಗೆ ಮಾತ್ರ ಹೋಗುವ ಮಕ್ಕಳಿಗೆ ಹಾಳೆಯ ಲೆಕ್ಕ ಬರುತ್ತಿತ್ತು, ಸಂತೆಯ ಲೆಕ್ಕಕ್ಕೆ ಕೈ ಓಡುತ್ತಿರಲಿಲ್ಲ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಹರಿಯುವುದಿಲ್ಲ. ಹರಿಯಬೇಕಾದರೆ ಕಲಿಸುವಾಗಲೇ ಪ್ರಶ್ನೆಯ ವೇಷ ಬದಲಾಗುತ್ತಿರಬೇಕು.

ಕಲಿತದ್ದು ನಿಜಕ್ಕೂ ಅರ್ಥವಾಗಿದೆಯೇ ಎಂಬ ಪ್ರಶ್ನೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಂಥ ಕಡೆಯಲ್ಲೂ ಕಾಡಿದೆ. ಅಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಎರಿಕ್ ಮಜೂರ್ ವಿದ್ಯಾರ್ಥಿಗಳ ಮೆಚ್ಚಿನ ಪ್ರಾಧ್ಯಾಪಕರು. ಸೂತ್ರ ಹಾಕಿ ಬಿಡಿಸುವ ಕಠಿಣ ಲೆಕ್ಕಗಳನ್ನೂ ಅವರ ಹುಡುಗರು ಬಿಡಿಸುತ್ತಿದ್ದರು. 1990ರ ಹೊತ್ತಿಗೆ ಅವರು ಬಲ ಮತ್ತು ಚಲನೆಯ ಬಗ್ಗೆ ಸೂತ್ರವೇ ಬೇಡದ ಸರಳ ಪ್ರಶ್ನೆಗಳ ಒಂದು ಪತ್ರಿಕೆ ಕೊಟ್ಟರು. ದೊಡ್ಡ ಲಾರಿ ಸಣ್ಣ ಕಾರಿಗೆ ಗುದ್ದಿದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎನ್ನುವಂಥ ಪ್ರಶ್ನೆಗಳು. ನ್ಯೂಟನ್ನನ ಮೂರನೇ ನಿಯಮವನ್ನು ಬಾಯಿಪಾಠ ಹೇಳಬಲ್ಲ ವಿದ್ಯಾರ್ಥಿಗಳಲ್ಲಿ ಅನೇಕರು ಅಲ್ಲಿ ಮುಗ್ಗರಿಸಿದರು. ನೀವು ಕಲಿಸಿದ ಹಾಗೆ ಉತ್ತರಿಸಬೇಕೋ, ನಮಗೆ ಅನ್ನಿಸುವ ಹಾಗೆ ಉತ್ತರಿಸಬೇಕೋ ಎಂದು ವಿದ್ಯಾರ್ಥಿಗಳಲ್ಲೊಬ್ಬರು ಕೇಳಿದ್ದು ಮಜೂರ್ ಅವರಿಗೆ ದೊಡ್ಡ ಪೆಟ್ಟು. ಅಲ್ಲಿಂದ ಅವರು ಉಪನ್ಯಾಸವನ್ನು ತುಂಡರಿಸಿದರು. ಸ್ವಲ್ಪ ವಿವರಣೆ, ಒಂದು ಪ್ರಶ್ನೆ, ಪ್ರತಿಯೊಬ್ಬರೂ ತಮ್ಮ ಉತ್ತರ ಒಪ್ಪಿಸಬೇಕು. ಉತ್ತರಗಳು ಒಡೆದರೆ ಪಕ್ಕದವರ ಜೊತೆ ವಾದ ಮಾಡಿ ಮತ್ತೆ ಉತ್ತರಿಸಬೇಕು. ಆಗತಾನೆ ಅರ್ಥವಾದ ಸಹಪಾಠಿಗೆ ತಾನು ಎಲ್ಲಿ ಸಿಕ್ಕಿಕೊಂಡಿದ್ದೆ ಎಂಬುದು ನೆನಪಿರುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಅದು ಮರೆತುಹೋಗಿರುತ್ತದೆ.

2011ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರ ತಂಡ ಇದನ್ನು ಎದುರುಬದುರು ನಿಲ್ಲಿಸಿ ನೋಡಿತು. ವಿದ್ಯುತ್ಕಾಂತೀಯ ಅಲೆಗಳ ಪಾಠ, ಒಂದೇ ವಾರ. ಒಂದು ತರಗತಿಗೆ ಒಳ್ಳೆಯ ಹೆಸರಿದ್ದ ಅನುಭವಿ ಪ್ರಾಧ್ಯಾಪಕರ ಉಪನ್ಯಾಸ. ಇನ್ನೊಂದಕ್ಕೆ ಬೋಧನೆಯಲ್ಲಿ ಹೊಸಬರಾದ ಸಂಶೋಧಕರ ಕೈಯಲ್ಲಿ ಪ್ರಶ್ನೆ, ಚರ್ಚೆ, ತಕ್ಷಣದ ತಿದ್ದುಪಡಿ. ಪರೀಕ್ಷೆಯಲ್ಲಿ ಉಪನ್ಯಾಸದವರಿಗೆ ಸರಾಸರಿ 41, ಚರ್ಚೆಯವರಿಗೆ 74. 2014ರಲ್ಲಿ ಇಂಥ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ಮತ್ತು ಜೊತೆಗಾರರು ಒಟ್ಟುಮಾಡಿದಾಗ, ಬರೀ ಉಪನ್ಯಾಸ ಕೇಳುವ ತರಗತಿಗಳಲ್ಲಿ ನಪಾಸಾಗುವ ಸಾಧ್ಯತೆ ಒಂದೂವರೆ ಪಟ್ಟು ಹೆಚ್ಚಿತ್ತು. ಆದರೆ 2019ರ ಹಾರ್ವರ್ಡ್ ಪ್ರಯೋಗ ನನಗೆ ಇವೆರಡಕ್ಕಿಂತ ಹೆಚ್ಚು ಮುಖ್ಯ. ಒಂದೇ ವಿಷಯವನ್ನು ಒಂದು ಗುಂಪು ನಯವಾದ ಉಪನ್ಯಾಸದಲ್ಲಿ ಕೇಳಿತು, ಇನ್ನೊಂದು ಗುಂಪು ತಾವೇ ಬಿಡಿಸುತ್ತ ಹೆಣಗಿತು. ಹೆಣಗಿದವರಿಗೆ ಅಂಕ ಹೆಚ್ಚು ಬಂತು. ಹೆಚ್ಚು ಕಲಿತೆವು ಎಂದು ಹೇಳಿಕೊಂಡವರು ಮಾತ್ರ ಉಪನ್ಯಾಸ ಕೇಳಿದವರು. ಮಕ್ಕಳ ಅಭಿಪ್ರಾಯ ಕೇಳಿ ಶಿಕ್ಷಕರಿಗೆ ನಕ್ಷತ್ರ ಕೊಡುವ ಸಂಸ್ಥೆಗಳು ಇದನ್ನು ಓದಿಕೊಂಡರೆ ಒಳ್ಳೆಯದು.

ನಮ್ಮಲ್ಲಿ ಉಪನ್ಯಾಸವನ್ನು ಒಡೆಯುವ ಪ್ರಯತ್ನ ವಿಶ್ವವಿದ್ಯಾಲಯಗಳಿಗಿಂತ ಮೊದಲು ಒಂದನೇ ತರಗತಿಯಲ್ಲಿ ನಡೆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳ ಮಾದರಿಯನ್ನು ನೋಡಿಬಂದ ಶಿಕ್ಷಕರೇ ಕಟ್ಟಿದ್ದು ನಲಿ-ಕಲಿ. 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಪುಸ್ತಕದ ಬದಲು ಕಾರ್ಡುಗಳು, ಗೋಡೆಯ ಮೇಲೆ ಕಲಿಕಾ ಏಣಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವುದು, ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರುವುದು. ಕೆಲವು ಗುಂಪಿಗೆ ಶಿಕ್ಷಕರ ಬೆಂಬಲ, ಕೆಲವಕ್ಕೆ ಸಹಪಾಠಿಗಳದು, ಒಂದು ಗುಂಪು ಸ್ವಕಲಿಕೆಯದು. ನೋಡಲು ಬಂದವರ ಕಣ್ಣಿಗೆ ಬೀಳುವುದು ಬಣ್ಣಬಣ್ಣದ ಕಾರ್ಡು, ತಲೆಯ ಮೇಲೆ ದಾರಕ್ಕೆ ತೂಗುಬಿಟ್ಟ ಮಕ್ಕಳ ಚಿತ್ರಗಳ ಚಪ್ಪರ, ಹಾಡು, ಕುಣಿತ. ನನ್ನ ಲೆಕ್ಕದಲ್ಲಿ ಅದರ ನಿಜವಾದ ಶಕ್ತಿ ಇರುವುದು ಏಣಿಯಲ್ಲಿ: ಹಿಂದಿನದು ಬಂದಿದೆ ಎಂದು ತೋರಿಸದೆ ಮುಂದಕ್ಕೆ ಹೋಗುವಂತಿಲ್ಲ, ಕಲಿತದ್ದು ಮುಂದಿನ ಮೆಟ್ಟಿಲುಗಳಲ್ಲಿ ಮತ್ತೆ ಎದುರಾಗುತ್ತದೆ. ಎಲ್ಲಿ ಕಾರ್ಡು ತುಂಬಿಸುವುದೇ ಕೆಲಸವಾಗಿ, ಪ್ರಗತಿ ನೋಟದಲ್ಲಿ ಟಿಕ್ ಹಾಕುವುದೇ ಗುರಿಯಾಗುತ್ತದೋ ಅಲ್ಲಿ ನಲಿವು ಉಳಿಯಬಹುದು, ಕಲಿಕೆ ಉಳಿಯುವ ಭರವಸೆಯಿಲ್ಲ. ಚಟುವಟಿಕೆ ಇದ್ದ ಮಾತ್ರಕ್ಕೆ ತಲೆ ಕೆಲಸ ಮಾಡುತ್ತಿದೆ ಎಂದಲ್ಲ.

ಆಧುನಿಕ ಎಂಬ ಹಣೆಪಟ್ಟಿ ಹೊತ್ತು ಬಂದದ್ದೆಲ್ಲ ಸಾಕ್ಷ್ಯದ ಮುಂದೆ ನಿಂತಿಲ್ಲ. ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮುಟ್ಟಿ ಕಲಿಯುವವರು, ಆಯಾ ಮಗುವಿಗೆ ಆಯಾ ಶೈಲಿಯಲ್ಲೇ ಕಲಿಸಬೇಕು ಎಂಬ ಮಾತು ಶಿಕ್ಷಕರ ತರಬೇತಿಗಳಲ್ಲಿ ಇಂದಿಗೂ ಕೇಳುತ್ತದೆ. 2008ರಲ್ಲಿ ಹೆರಾಲ್ಡ್ ಪ್ಯಾಷ್ಲರ್ ಮತ್ತಿತರರು ಈ ವಾದಕ್ಕೆ ಆಧಾರ ಹುಡುಕಿ ಹೊರಟು, ನಂಬಲರ್ಹವಾದ ಪುರಾವೆ ಇಲ್ಲವೆಂದೇ ಹಿಂದಿರುಗಿದರು. ಮಕ್ಕಳಿಗೆ ಇಷ್ಟಾನಿಷ್ಟಗಳಿವೆ, ಸರಿ. ಭೂಪಟವನ್ನು ನೋಡಿಯೇ ಕಲಿಯಬೇಕು, ರಾಗವನ್ನು ಕೇಳಿಯೇ ಕಲಿಯಬೇಕು. ಅದು ವಿಷಯದ ಗುಣ.

ಇನ್ನೊಂದು ಅತಿಯೂ ಇದೆ: ಮಕ್ಕಳು ಎಲ್ಲವನ್ನೂ ತಾವೇ ಕಂಡುಕೊಳ್ಳಲಿ, ಮೇಷ್ಟ್ರು ಸುಮ್ಮನಿರಲಿ ಎಂಬುದು. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1980ರ ದಶಕದಲ್ಲಿ ಬೀಜಗಣಿತ ಕಲಿಯುವ ಹೊಸಬರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಬಿಡಿಸಿ ತೋರಿಸಿದ ಲೆಕ್ಕಗಳನ್ನು ಹಂತಹಂತವಾಗಿ ಓದಿದವರು ಮೊದಲಿಂದಲೇ ಸ್ವಂತ ಬಿಡಿಸಲು ಹೊರಟವರಿಗಿಂತ ಬೇಗ ಕಲಿತರು. ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ. ಎಲ್ಲವೂ ಹೊಸತಾಗಿದ್ದರೆ ಹುಡುಕಾಟದಲ್ಲೇ ಆ ಶಕ್ತಿ ಖರ್ಚಾಗಿ ಕಲಿಯಲು ಏನೂ ಉಳಿಯುವುದಿಲ್ಲ. ಅದೇ ವಿದ್ಯಾರ್ಥಿ ಸ್ವಲ್ಪ ಪಳಗಿದ ಮೇಲೆ ಬಿಡಿಸಿ ತೋರಿಸುವುದರಿಂದ ಪ್ರಯೋಜನವಿಲ್ಲ, ಸ್ವಂತ ಒದ್ದಾಟವೇ ಬೇಕು. ಬ್ಯೋರ್ಕ್ ಹೇಳುವ ಕಷ್ಟ ‘ಬೇಕಾದ’ ಕಷ್ಟವಾಗುವುದು ಮಗುವಿಗೆ ಅದನ್ನು ದಾಟುವ ಸಾಮಗ್ರಿ ಇದ್ದಾಗ ಮಾತ್ರ. ಆ ಗೆರೆ ಎಲ್ಲಿದೆ ಎಂದು ತರಗತಿಯಲ್ಲಿ ನಿಂತವರೇ ಕಂಡುಕೊಳ್ಳಬೇಕು, ಇಲಾಖೆಯ ಸುತ್ತೋಲೆಗೆ ಅದು ಕಾಣುವುದಿಲ್ಲ.

ಪರೀಕ್ಷೆ ಎಂಬ ಮಾತನ್ನು ಇಷ್ಟು ಸಲ ಬಳಸಿದ ಮೇಲೆ ಅದರ ಭಯದ ಬಗ್ಗೆಯೂ ಹೇಳಬೇಕು. 5 ಮತ್ತು 8ನೇ ತರಗತಿಗೆ ಬೋರ್ಡ್ ಮಾದರಿಯ ಪರೀಕ್ಷೆ ಬೇಕೇ ಬೇಡವೇ ಎಂಬ ನಮ್ಮ ರಾಜ್ಯದ ಜಗಳ 2023 ಮತ್ತು 2024ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ಗದ್ದಲದಲ್ಲಿ ಎರಡೂ ಕಡೆಯವರು ಮಾತಾಡಿದ್ದು ಅಳೆಯುವ ಪರೀಕ್ಷೆಯ ಬಗ್ಗೆ. ಸ್ಪಿಟ್ಜರ್‌ನಿಂದ ರೋಡಿಗರ್‌ವರೆಗೆ ಎಲ್ಲರೂ ಹೇಳುತ್ತಿರುವುದು ಕಲಿಸುವ ಪರೀಕ್ಷೆಯ ಬಗ್ಗೆ. ಅದಕ್ಕೆ ಅಂಕ ಬೇಡ, ರ‍್ಯಾಂಕು ಬೇಡ, ಪೋಷಕರ ಸಹಿಯಂತೂ ಬೇಡವೇ ಬೇಡ. ತರಗತಿ ಶುರುವಾಗುವ ಮುನ್ನ ‘ಪುಸ್ತಕ ಮುಚ್ಚಿ, ಹೋದ ವಾರ ನೋಡಿದ ದ್ಯುತಿಸಂಶ್ಲೇಷಣೆಯ ಬಗ್ಗೆ ನೆನಪಿರುವ ಮೂರು ಸಂಗತಿ ಬರೆಯಿರಿ’ ಎಂದರೆ ಸಾಕು. ಬರೆದ ಮೇಲೆ ಸರಿ ಉತ್ತರ ತಿಳಿಯಬೇಕು, ಅಷ್ಟೇ. ನೇಟ್ ಕಾರ್ನೆಲ್ ಮತ್ತು ಜೊತೆಗಾರರು 2009ರಲ್ಲಿ ತೋರಿಸಿದಂತೆ, ಗೊತ್ತಿಲ್ಲದ ಪ್ರಶ್ನೆಗೆ ಊಹಿಸಿ ತಪ್ಪು ಉತ್ತರ ಕೊಟ್ಟರೂ ಲಾಭವಿದೆ. ತಕ್ಷಣ ಸರಿ ಉತ್ತರ ಸಿಕ್ಕಿದರೆ ಸುಮ್ಮನೆ ಓದಿಕೊಂಡವರಿಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತದೆ. ತಪ್ಪು ಹೇಳಿದರೆ ಬೆಂಚಿನ ಮೇಲೆ ನಿಲ್ಲಬೇಕಾದ ತರಗತಿಯಲ್ಲಿ ಯಾರೂ ಊಹಿಸುವ ಧೈರ್ಯ ಮಾಡುವುದಿಲ್ಲ.

ಇದೆಲ್ಲ ಪ್ರಯೋಗಾಲಯದ ಮಾತು, ಐವತ್ತು ಮಕ್ಕಳ ಕೋಣೆಯಲ್ಲಿ ನಡೆಯುವುದಲ್ಲ ಎನ್ನುವವರಿಗೆ ಡಗ್ ರೋರರ್ ತಂಡದ 2020ರ ಅಧ್ಯಯನ ತೋರಿಸಬಹುದು. ಫ್ಲಾರಿಡಾದ ಸಾಮಾನ್ಯ ಶಾಲೆಗಳ 54 ತರಗತಿಗಳು, ಏಳನೇ ತರಗತಿಯ 787 ಮಕ್ಕಳು, ಅವರ ಮಾಮೂಲಿ ಶಿಕ್ಷಕರು. ನಾಲ್ಕು ತಿಂಗಳು ಗಣಿತದ ಅಭ್ಯಾಸ ಹಾಳೆಗಳನ್ನು ಹಂಚಲಾಯಿತು. ಅರ್ಧ ತರಗತಿಗಳಿಗೆ ಒಂದೊಂದು ಬಗೆಯ ಲೆಕ್ಕ ಒಟ್ಟೊಟ್ಟಿಗೆ, ಉಳಿದರ್ಧಕ್ಕೆ ಅವೇ ಲೆಕ್ಕಗಳು ಕಲಸಿಕೊಂಡು. ಒಂದು ತಿಂಗಳು ಬಿಟ್ಟು, ಮೊದಲೇ ಹೇಳದೆ, ಪರೀಕ್ಷೆ ಇಟ್ಟರು. ಒಟ್ಟೊಟ್ಟಿಗೆ ಮಾಡಿದವರ ಸರಾಸರಿ 38, ಕಲಸಿ ಮಾಡಿದವರದು 61. ಹೊಸ ಪಠ್ಯಪುಸ್ತಕ ಬೇಕಾಗಲಿಲ್ಲ, ಟ್ಯಾಬ್ಲೆಟ್ಟು ಬೇಕಾಗಲಿಲ್ಲ, ಶಿಕ್ಷಕರಿಗೆ ವಾರಗಟ್ಟಲೆ ತರಬೇತಿಯೂ ಬೇಕಾಗಲಿಲ್ಲ. ಲೆಕ್ಕಗಳು ಅವೇ, ಹಾಳೆಗಳೂ ಅಷ್ಟೇ. ನಮ್ಮ ಹೈಸ್ಕೂಲಿನ ಗಣಿತ ಮೇಷ್ಟ್ರೊಬ್ಬರು ಬರುವ ಸೋಮವಾರದ ಮನೆಗೆಲಸವನ್ನು ಇವತ್ತಿನ ಅಧ್ಯಾಯದಿಂದ ಎರಡು, ಆಗಸ್ಟಿನ ಅಧ್ಯಾಯದಿಂದ ಒಂದು, ಜೂನಿನದರಿಂದ ಒಂದು ಲೆಕ್ಕ ಆರಿಸಿ ಕೊಡಲು ಕರಿಹಲಗೆಯ ಮೂಲೆಯಲ್ಲಿ ನಾಲ್ಕು ಪುಟಸಂಖ್ಯೆ ಬರೆದರೆ ಮುಗಿಯಿತು. ಮೊದಲ ಒಂದೆರಡು ವಾರ ಮಕ್ಕಳು ಗೊಣಗುತ್ತಾರೆ, ತಪ್ಪುಗಳು ಹೆಚ್ಚಾಗುತ್ತವೆ, ಪೋಷಕರ ಸಭೆಯಲ್ಲಿ ಯಾರಾದರೂ ಎದ್ದು ನಿಂತು ‘ಮೊದಲು ಚೆನ್ನಾಗಿ ಮಾಡ್ತಿದ್ದ ಸಾರ್, ಈಗ ಯಾಕೋ ಹಿಂದೆ ಬಿದ್ದಿದಾನೆ’ ಎಂದು ದೂರುತ್ತಾರೆ. ಆ ಸಭೆಗೆ ಹೋಗುವಾಗ ರೋರರ್ ಅವರ ಎರಡು ಅಧ್ಯಯನಗಳ ಅಂಕಿಗಳನ್ನು ಜೇಬಿನಲ್ಲಿಟ್ಟುಕೊಂಡಿರುವುದು ಮೇಲು.